ಮೀಡಿಯೇಟರ್ ನಿಮ್ಮ ವಕೀಲರಲ್ಲ: ಕೋರ್ಟಿನ ಹೊರಗೆ ರಾಜಿಯಾಗುವವರು ಯಾರನ್ನು ಹುಡುಕಬೇಕು?

2025ರ ಜುಲೈ 1ರಿಂದ 90 ದಿನಗಳ ಕಾಲ ತಾಲ್ಲೂಕು ಕೋರ್ಟಿನಿಂದ ಹೈಕೋರ್ಟ್‌ವರೆಗೆ ‘ಮೀಡಿಯೇಶನ್ ಫಾರ್ ದ ನೇಷನ್’ ಎಂಬ ಅಭಿಯಾನ ನಡೆಯಿತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಅಂದರೆ ನಾಲ್ಸಾ, ಮತ್ತು ಸುಪ್ರೀಂ ಕೋರ್ಟಿನ ಮೀಡಿಯೇಶನ್ ಸಮಿತಿ ಸೇರಿ ಇದನ್ನು ನಡೆಸಿದವು. ಗಂಡ ಹೆಂಡತಿ ಜಗಳ, ಅಪಘಾತದ ಪರಿಹಾರ, ಚೆಕ್ ಬೌನ್ಸ್, ಆಸ್ತಿ ಪಾಲು, ಬಾಡಿಗೆದಾರರ ತೆರವು, ವ್ಯಾಪಾರದ ಬಾಕಿ, ಹೀಗೆ ಮಾತಿನಲ್ಲಿ ಬಗೆಹರಿಯಬಹುದಾದ ಕೇಸುಗಳನ್ನು ಆರಿಸಿ ಮೀಡಿಯೇಶನ್‌ಗೆ, ಅಂದರೆ ಮೂರನೆಯವರೊಬ್ಬರ ಎದುರು ಕೂತು ಮಾತಾಡಿ ರಾಜಿಯಾಗುವ ದಾರಿಗೆ, ಕಳಿಸುವುದು ಅದರ ಗುರಿ.

ಅಭಿಯಾನದ ಅವಧಿ ಮುಗಿದರೂ ಜನರ ಪ್ರಶ್ನೆಗಳು ಮುಗಿಯುವಂಥವಲ್ಲ. ಮೀಡಿಯೇಶನ್‌ಗೆ ಕರೆದರೆ ಹೋಗಲೇಬೇಕಾ? ಹೋದರೆ ಕೇಸು ಬಿಟ್ಟುಕೊಟ್ಟ ಹಾಗಾ? ಈಗಿರುವ ವಕೀಲರೇ ಸಾಕಾ, ಇಲ್ಲ ಬೇರೆ ‘ಮೀಡಿಯೇಶನ್ ಲಾಯರ್’ ಹುಡುಕಬೇಕಾ? ಕೊನೆಯದು ಚಿಕ್ಕ ಪ್ರಶ್ನೆಯ ಹಾಗೆ ಕಾಣುತ್ತದೆ. ಆದರೆ ಅದಕ್ಕೆ ತಪ್ಪು ಉತ್ತರ ಸಿಕ್ಕಿದರೆ ಕೈತಪ್ಪುವುದು ಜಮೀನು, ಜೀವನಾಂಶ, ವರ್ಷಗಟ್ಟಲೆ ದುಡಿದ ಹಣ. ಅದಕ್ಕೇ ಅಲ್ಲಿಂದಲೇ ಶುರು ಮಾಡೋಣ.

ಒಂದೇ ಹೆಸರಿನಲ್ಲಿ ಕರೆಯುವ ಇಬ್ಬರು

‘ಮೀಡಿಯೇಶನ್ ಲಾಯರ್’ ಅಂತ ಜನ ಹೇಳುವಾಗ ಇಬ್ಬರು ಬೇರೆ ಬೇರೆ ವ್ಯಕ್ತಿಗಳನ್ನು ಒಂದೇ ಮಾಡಿಬಿಡುತ್ತಾರೆ.

ಮೊದಲನೆಯವರು ಮೀಡಿಯೇಟರ್. ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿಸುವವರು. ನಮ್ಮಲ್ಲಿ ಮೀಡಿಯೇಟರ್ ಆಗಿರುವವರಲ್ಲಿ ಬಹಳಷ್ಟು ಜನ ವಕೀಲರೇ. ಸುಪ್ರೀಂ ಕೋರ್ಟಿನ ಸಮಿತಿ ಗೊತ್ತುಮಾಡಿದ 40 ಗಂಟೆಗಳ ತರಬೇತಿ ಪಡೆದವರು. ಆದರೆ ಆ ಕುರ್ಚಿಯಲ್ಲಿ ಕೂತಾಗ ಅವರು ಯಾರ ವಕೀಲರೂ ಅಲ್ಲ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಯಾವ ಕಡೆಯ ವಾದ ಗಟ್ಟಿ ಅಂತ ಹೇಳುವಂತಿಲ್ಲ. ಅದೇ ತಕರಾರಿನಲ್ಲಿ ಆಮೇಲೆ ಯಾರೊಬ್ಬರ ಪರವಾಗಿಯೂ ಅವರು ವಕಾಲತ್ತು ಹಾಕುವಂತಿಲ್ಲ.

ಎರಡನೆಯವರು ನಿಮ್ಮ ಜೊತೆ ಬರುವ ವಕೀಲರು. ಅವರು ಪೂರ್ತಿ ನಿಮ್ಮ ಕಡೆಯವರು. ನಿಮ್ಮ ಹಕ್ಕು ಎಷ್ಟು, ಕೋರ್ಟಿಗೆ ಹೋದರೆ ಏನು ಸಿಗಬಹುದು, ಮುಂದಿಟ್ಟ ಮೊತ್ತಕ್ಕೆ ಒಪ್ಪಬಹುದಾ ಬೇಡವಾ ಅಂತ ಹೇಳುವುದು ಅವರ ಕೆಲಸ.

ಈ ವ್ಯತ್ಯಾಸ ಗೊತ್ತಿಲ್ಲದವರು ಮೀಡಿಯೇಟರ್ ಹೇಳಿದ್ದನ್ನೆಲ್ಲ ಕಾನೂನು ಸಲಹೆ ಅಂದುಕೊಳ್ಳುತ್ತಾರೆ. ‘ಇಷ್ಟಕ್ಕೆ ಮುಗಿಸಿಕೊಂಡರೆ ಇಬ್ಬರಿಗೂ ಅನುಕೂಲ ಅಲ್ವಾ, ಯೋಚನೆ ಮಾಡಿ’ ಎಂಬ ಮಾತು ಮೀಡಿಯೇಟರ್ ಬಾಯಲ್ಲಿ ಬರುವುದು ಸಹಜ. ಮಾತು ಮುಂದಕ್ಕೆ ಹೋಗಲಿ ಅಂತ ಅವರು ಹಾಗೆ ಹೇಳುತ್ತಾರೆ. ಕೇಳುವವರಿಗೆ ಅದು ದೊಡ್ಡವರೊಬ್ಬರು ಕೊಟ್ಟ ಅಭಿಪ್ರಾಯದಂತೆ ಕೇಳಿಸುತ್ತದೆ. ಅಲ್ಲಿಗೆ ಅರ್ಧ ಒಪ್ಪಿಗೆ ಸಿಕ್ಕಿದ ಹಾಗೆಯೇ. ಪಕ್ಕದಲ್ಲಿ ತಮ್ಮದೇ ವಕೀಲರಿದ್ದರೆ ‘ಸ್ವಲ್ಪ ಹೊರಗೆ ಹೋಗಿ ಮಾತಾಡಿಕೊಂಡು ಬರ್ತೀವಿ’ ಅನ್ನುವ ಅವಕಾಶ ಇರುತ್ತದೆ.

ಲೋಕ ಅದಾಲತ್, ಆರ್ಬಿಟ್ರೇಶನ್ ಬೇರೆ

ಇನ್ನೆರಡು ದಾರಿಗಳನ್ನೂ ಇದರ ಜೊತೆ ಕಲಸುವವರಿದ್ದಾರೆ. ಆರ್ಬಿಟ್ರೇಶನ್‌ನಲ್ಲಿ ಮೂರನೆಯವರು ಎರಡೂ ಕಡೆಯ ವಾದ ಕೇಳಿ ತೀರ್ಮಾನ ಕೊಡುತ್ತಾರೆ. ಅದು ಖಾಸಗಿ ಕೋರ್ಟ್ ಇದ್ದಂತೆ. ಲೋಕ ಅದಾಲತ್‌ನಲ್ಲಿ ಒಪ್ಪಂದವಾದರೆ ಅದಕ್ಕೆ ಡಿಕ್ರಿಯ, ಅಂದರೆ ಕೋರ್ಟ್ ತೀರ್ಪಿನ, ಬೆಲೆ ಬರುತ್ತದೆ, ಅಪೀಲು ಇರುವುದಿಲ್ಲ. ಆದರೆ ಒಂದೇ ದಿನ ನೂರಾರು ಕೇಸು ಬರುವ ಜಾಗದಲ್ಲಿ ಒಂದೊಂದಕ್ಕೆ ಸಿಗುವ ಹೊತ್ತು ಕಡಿಮೆ. ಮೊತ್ತವೊಂದೇ ಬಾಕಿ ಇರುವ ಕೇಸಿಗೆ ಅದು ಸಾಕಾಗಬಹುದು. ಹತ್ತು ವರ್ಷದ ಮನಸ್ತಾಪ ಇರುವ ಅಣ್ಣ ತಮ್ಮಂದಿರಿಗೆ ಸಾಕಾಗುವುದಿಲ್ಲ. ಮೀಡಿಯೇಶನ್‌ನಲ್ಲಿ ಮತ್ತೆ ಮತ್ತೆ ಕೂತು ಮಾತಾಡಲು ಸಮಯ ಸಿಗುತ್ತದೆ.

ಇಲ್ಲಿಗೆ ಬಂದು ನಿಂತದ್ದು ಹೇಗೆ?

ಊರ ಪಂಚಾಯ್ತಿ ಕಟ್ಟೆಯ ರೂಢಿ ನಮಗೆ ಹಳೆಯದು. ಕಾನೂನಿನೊಳಗೆ ಇದು ಬಂದದ್ದು ಇತ್ತೀಚೆಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1999ರಲ್ಲಿ ತಿದ್ದುಪಡಿಯಾಗಿ 89ನೇ ಸೆಕ್ಷನ್ ಸೇರಿತು. 2002ರ ಜುಲೈ 1ರಿಂದ ಅದು ಜಾರಿಗೆ ಬಂತು. ರಾಜಿಯಾಗುವ ಲಕ್ಷಣ ಕಂಡರೆ ನ್ಯಾಯಾಧೀಶರು ಕೇಸನ್ನು ಹೊರಗಿನ ದಾರಿಗೆ ಕಳಿಸಬಹುದು ಎಂಬುದು ಅದರ ಸಾರ. ಬರವಣಿಗೆಯಲ್ಲಿ ಮಾತ್ರ ದೊಡ್ಡ ಎಡವಟ್ಟಾಗಿತ್ತು. ಮೀಡಿಯೇಶನ್ನಿನ ವಿವರಣೆಯೂ ನ್ಯಾಯಾಧೀಶರು ಮಾಡಿಸುವ ರಾಜಿಯ ವಿವರಣೆಯೂ ಅದಲು ಬದಲಾಗಿದ್ದವು. 2010ರಲ್ಲಿ ಆಫ್ಕಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರಿಪಡಿಸಿ ಓದಿತು. ಯಾವ ಕೇಸುಗಳನ್ನು ಕಳಿಸಬಹುದು, ಯಾವುದನ್ನು ಕಳಿಸಬಾರದು ಅಂತಲೂ ವಿಂಗಡಿಸಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಅದಕ್ಕೆ ಮೊದಲು ಅವರು ಕರ್ನಾಟಕ ಹೈಕೋರ್ಟಿನಲ್ಲಿದ್ದವರು.

ಕರ್ನಾಟಕ ಆ ಹೊತ್ತಿಗಾಗಲೇ ಮುಂದೆ ಹೋಗಿತ್ತು. 2005ರಲ್ಲಿ ಮೀಡಿಯೇಶನ್ ನಿಯಮಗಳು ಬಂದವು. 2007ರಲ್ಲಿ ಬೆಂಗಳೂರು ಮೀಡಿಯೇಶನ್ ಸೆಂಟರ್ ಶುರುವಾಯಿತು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿರುವ ಈ ಕೇಂದ್ರಕ್ಕೆ ಕೋರ್ಟಿನಿಂದಲೇ ಕೇಸುಗಳು ಬರುತ್ತವೆ. ಕೋರ್ಟ್ ಕಳಿಸಿದ ಕೇಸಿನಲ್ಲಿ ಮೀಡಿಯೇಟರ್‌ಗೆ ನೀವು ಫೀಸು ಕೊಡುವ ಹಾಗಿಲ್ಲ. ನಿಮ್ಮ ವಕೀಲರ ಫೀಸು ಮಾತ್ರ ನಿಮ್ಮದು. ರಾಜಿಯಾದರೆ ಕಟ್ಟಿದ ಕೋರ್ಟ್ ಫೀಸು ವಾಪಸು ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ರಾಜಿ ಅರ್ಜಿಯಲ್ಲೇ ಅದನ್ನು ಕೇಳಿಬಿಡುವುದು ಒಳ್ಳೆಯದು.

ವ್ಯಾಪಾರದ ಕೇಸುಗಳಲ್ಲಿ 2018ರಲ್ಲಿ ಇನ್ನೊಂದು ತಿರುವು ಬಂತು. ಮೂರು ಲಕ್ಷ ರೂಪಾಯಿ ಅಥವಾ ಅದಕ್ಕೂ ಮೇಲಿನ ವಾಣಿಜ್ಯ ತಕರಾರಿನಲ್ಲಿ ದಾವೆ ಹಾಕುವ ಮೊದಲೇ ಮೀಡಿಯೇಶನ್ ಮಾಡಬೇಕು ಎಂದು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ 12ಎ ಸೆಕ್ಷನ್ ಸೇರಿಸಿದರು. ಇದು ಕಡ್ಡಾಯವಾ, ಬರೀ ಸಲಹೆಯಾ ಅಂತ ಹೈಕೋರ್ಟುಗಳು ಬೇರೆ ಬೇರೆ ಮಾತು ಹೇಳಿದವು. 2022ರ ಆಗಸ್ಟ್ 17ರಂದು ಪಾಟೀಲ್ ಆಟೊಮೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಕಡ್ಡಾಯ ಎಂದಿತು. ಆ ವರ್ಷದ ಆಗಸ್ಟ್ 20ರಿಂದ ಈಚೆಗೆ ಮೀಡಿಯೇಶನ್ ಮೆಟ್ಟಿಲು ಹತ್ತದೆ ಹಾಕಿದ ದಾವೆಯನ್ನು ಕೋರ್ಟ್ ತಳ್ಳಿಹಾಕಬೇಕು. ತುರ್ತಾಗಿ ತಡೆಯಾಜ್ಞೆ ಬೇಕಿದ್ದರೆ ಮಾತ್ರ ವಿನಾಯಿತಿ. ‘ತುರ್ತು’ ಅನ್ನುವುದನ್ನು ನೆಪ ಮಾಡಿಕೊಳ್ಳಲು ಬಿಡಬಾರದು ಅಂತ 2023ರಲ್ಲಿ ಅದೇ ಕೋರ್ಟ್ ಎಚ್ಚರಿಸಿತು.

ಕೊನೆಗೆ 2023ರಲ್ಲಿ ಮೀಡಿಯೇಶನ್ ಕಾಯ್ದೆ ಬಂತು. ಸರ್ಕಾರವೂ ತನ್ನ ಗುತ್ತಿಗೆ ತಕರಾರುಗಳಲ್ಲಿ ಈ ಕಡೆ ವಾಲುತ್ತಿದೆ. 2024ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆ ಆರ್ಬಿಟ್ರೇಶನ್ ಅನ್ನು ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆ ಮೊತ್ತದ ತಕರಾರುಗಳಿಗೆ ಸೀಮಿತ ಮಾಡಿ, ಮೀಡಿಯೇಶನ್ ಬಳಸುವಂತೆ ಹೇಳಿತು.

ಕಡ್ಡಾಯ ಮಾಡಿದರೆ ಏನಾಗುತ್ತದೆ?

ಕಾಯ್ದೆಯ ಸುತ್ತ ನಡೆದ ಜಗ್ಗಾಟ ಇದೇ ವಿಷಯಕ್ಕೆ. 2021ರ ಮಸೂದೆಯಲ್ಲಿ ಕೋರ್ಟಿಗೆ ಹೋಗುವ ಮೊದಲು ಮೀಡಿಯೇಶನ್ ಕಡ್ಡಾಯ ಅಂತಿತ್ತು. ಸುಶೀಲ್ ಕುಮಾರ್ ಮೋದಿ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ ಇದಕ್ಕೆ ಒಪ್ಪಲಿಲ್ಲ. ಕಾಲ ತಳ್ಳಬೇಕು ಅನ್ನುವವರಿಗೆ ಇದು ಇನ್ನೊಂದು ಆಯುಧವಾಗುತ್ತದೆ ಎಂಬುದು ಅದರ ಆತಂಕ. ಕೊನೆಗೆ ಸಂಸತ್ತು ಒಪ್ಪಿದ ಕಾಯ್ದೆಯಲ್ಲಿ ‘ಇಬ್ಬರೂ ಸ್ವಂತ ಇಚ್ಛೆಯಿಂದ ಒಪ್ಪಿದರೆ’ ಎಂದಾಯಿತು.

ಕಡ್ಡಾಯ ಬೇಕು ಅನ್ನುವವರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ದೇಶದ ಕೋರ್ಟುಗಳಲ್ಲಿ ಬಾಕಿ ಇರುವ ಕೇಸುಗಳು 5 ಕೋಟಿಗೂ ಜಾಸ್ತಿ. ಪಾಲಿನ ದಾವೆ ಹಾಕಿದವರು ತೀರಿಕೊಂಡು ಮಕ್ಕಳು ವಾಯಿದೆಗೆ ಅಲೆಯುವುದು ನಮ್ಮ ಜಿಲ್ಲಾ ಕೋರ್ಟುಗಳಲ್ಲಿ ಅಪರೂಪವಲ್ಲ. ಎದುರಾಳಿಯನ್ನು ‘ಮಾತಾಡೋಣ ಬನ್ನಿ’ ಅಂತ ಮೊದಲು ಕರೆಯುವವರು ಸೋತ ಹಾಗೆ ಅಂದುಕೊಳ್ಳುವ ಮನಸ್ಥಿತಿ ನಮ್ಮಲ್ಲಿದೆ. ಕಾನೂನೇ ಕೂರಿಸಿದರೆ ಯಾರ ಮಾನಕ್ಕೂ ಕುಂದಿಲ್ಲ.

ಬೇಡ ಅನ್ನುವವರು ಬೇರೆ ಕಡೆಯಿಂದ ನೋಡುತ್ತಾರೆ. ಮಾತುಕತೆಗೆ ಕೂರುವ ಇಬ್ಬರೂ ಸಮಬಲರು ಎಂದು ಮೀಡಿಯೇಶನ್ ಊಹಿಸಿಕೊಳ್ಳುತ್ತದೆ. ಹೊಡೆತ ತಿಂದ ಹೆಂಡತಿ, ಕೆಲಸ ಕಳಕೊಂಡ ನೌಕರ, ಬ್ಯಾಂಕಿನ ಎದುರು ಕೂತ ಸಣ್ಣ ರೈತ, ಇವರೆಲ್ಲ ಎದುರಿನವರಿಗೆ ಸಮಬಲರೇ? ಹಣದ ಅವಸರ ಇರುವವರು ಕಡಿಮೆಗೆ ಒಪ್ಪುತ್ತಾರೆ. ಕಾಯುವ ಶಕ್ತಿ ಇರುವವರು ಕಾಯುತ್ತಾರೆ. ಕೋರ್ಟಿನಲ್ಲಿ ಕನಿಷ್ಠ ಕಾನೂನು ದುರ್ಬಲರ ಬೆನ್ನಿಗೆ ನಿಲ್ಲುತ್ತದೆ, ಮುಚ್ಚಿದ ಕೋಣೆಯಲ್ಲಿ ಅದೂ ಇರುವುದಿಲ್ಲ ಎಂಬುದು ಅವರ ಮಾತು.

ನಡುವಿನ ದಾರಿಯೂ ಒಂದಿದೆ. ಇಟಲಿಯಲ್ಲಿ 2013ರಿಂದ ಕೆಲವು ಬಗೆಯ ಕೇಸುಗಳಿಗೆ ಮೊದಲ ಸಭೆಗೆ ಬರುವುದಷ್ಟೇ ಕಡ್ಡಾಯವಾಯಿತು. ಅಲ್ಲಿ ‘ಬೇಡ’ ಅಂದರೆ ಎದ್ದು ಹೋಗಬಹುದು. ನಮ್ಮಲ್ಲೂ ಒಂದು ಸಲ ಕೂರಿಸುವುದರಲ್ಲಿ ತಪ್ಪಿಲ್ಲ ಅನ್ನಿಸುತ್ತದೆ. ಆದರೆ ಅದಕ್ಕೊಂದು ಷರತ್ತು ಇರಲೇಬೇಕು. ಕೂರುವ ದುರ್ಬಲರ ಪಕ್ಕ ಅವರದೇ ವಕೀಲರಿರಬೇಕು. ಅದಿಲ್ಲದೆ ಮೀಡಿಯೇಶನ್ ಕೇಂದ್ರಗಳನ್ನು ಎಷ್ಟು ಹೆಚ್ಚಿಸಿದರೂ ಕೇಸಿನ ರಾಶಿ ಕರಗುತ್ತದೆಯೇ ಹೊರತು ನ್ಯಾಯ ಸಿಕ್ಕಿತು ಅಂತ ಹೇಳಲಾಗದು.

ಕೋಣೆಯೊಳಗೆ ನಡೆಯುವುದು

ಮೊದಲು ಮೀಡಿಯೇಟರ್ ನಿಯಮ ಹೇಳುತ್ತಾರೆ. ಆಮೇಲೆ ಇಬ್ಬರೂ ಒಬ್ಬರಾದ ಮೇಲೊಬ್ಬರು ತಮ್ಮ ಮಾತು ಹೇಳುತ್ತಾರೆ. ಇಲ್ಲಿ ವಕೀಲರಿಗಿಂತ ಕಕ್ಷಿದಾರರೇ ಜಾಸ್ತಿ ಮಾತಾಡಬೇಕು. ನಂತರ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳುತ್ತಾರೆ. ‘ಎಷ್ಟಕ್ಕೆ ಒಪ್ಪುತ್ತೀರಿ’ ಎಂಬ ನಿಜವಾದ ಲೆಕ್ಕ ಹೊರಬರುವುದು ಈ ಹೊತ್ತಿನಲ್ಲಿ. ನೀವು ಹೇಳಬೇಡಿ ಅಂದದ್ದನ್ನು ಮೀಡಿಯೇಟರ್ ಎದುರಿನವರಿಗೆ ಹೇಳುವಂತಿಲ್ಲ.

ಕೋಣೆಯಲ್ಲಿ ಆಡಿದ ಮಾತು ಕೋರ್ಟಿಗೂ ಹೋಗುವುದಿಲ್ಲ. ರಾಜಿಯಾದರೆ ಒಪ್ಪಂದದ ಪ್ರತಿ, ಆಗದಿದ್ದರೆ ‘ಆಗಲಿಲ್ಲ’ ಎಂಬ ಒಂದು ಸಾಲು, ಅಷ್ಟೇ ಕಳಿಸಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹಾಗಾಗಿ ‘ಅಲ್ಲಿ ಎರಡು ಲಕ್ಷ ಬಿಡ್ತೀನಿ ಅಂದಿದ್ದು ನಾಳೆ ಜಡ್ಜ್ ಮುಂದೆ ನನಗೇ ತಿರುಗುತ್ತೆ’ ಅಂತ ಹೆದರಬೇಕಿಲ್ಲ. ಹೋದರೆ ಕೇಸು ಬಿಟ್ಟುಕೊಟ್ಟ ಹಾಗಾ ಎಂಬ ಪ್ರಶ್ನೆಗೂ ಇದೇ ಉತ್ತರ. ಒಪ್ಪಿಗೆಯಾಗದಿದ್ದರೆ ಕೇಸು ನಿಂತ ಜಾಗದಿಂದಲೇ ಮುಂದುವರಿಯುತ್ತದೆ.

ವಿದೇಶದಲ್ಲಿರುವ ಮಗನೋ ಮಗಳೋ ಪಾಲುದಾರರಾಗಿದ್ದರೆ ವಿಡಿಯೊ ಮೂಲಕ ಸೇರಬಹುದು. ಹೊಸ ಕಾಯ್ದೆಯೂ ಇಬ್ಬರ ಲಿಖಿತ ಒಪ್ಪಿಗೆ ಇದ್ದರೆ ಆನ್‌ಲೈನ್ ಮೀಡಿಯೇಶನ್‌ಗೆ ಜಾಗ ಕೊಟ್ಟಿದೆ.

ಸಹಿ ಹಾಕುವ ಹೊತ್ತು

ವಕೀಲರ ಬೆಲೆ ತಿಳಿಯುವುದು ಇಲ್ಲಿ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಒಂದು ಹಿಂದೂ ಕುಟುಂಬ. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರೆ. ವಿಲ್ ಇಲ್ಲ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಒಂದೇ ಸರ್ವೆ ನಂಬರಿನಲ್ಲಿ ಮೂರು ಎಕರೆ ಜಮೀನು, ಊರೊಳಗೆ ಒಂದು ಮನೆ. ತಂಗಿ ಪಾಲು ಕೇಳಿ ದಾವೆ ಹಾಕಿದ್ದಾಳೆ. ಮೀಡಿಯೇಶನ್‌ನಲ್ಲಿ ಅಣ್ಣಂದಿರು ‘ಐದು ಲಕ್ಷ ಕೊಡ್ತೀವಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಮ್ಮ, ತವರಿನ ಬಾಗಿಲು ತೆರೆದಿರುತ್ತೆ’ ಅನ್ನುತ್ತಾರೆ. ಕೋಣೆಯಲ್ಲಿ ಎಲ್ಲರ ಕಣ್ಣಲ್ಲೂ ನೀರು. ಒಪ್ಪಿಗೆ ಹತ್ತಿರದಲ್ಲಿದೆ.

ಅವಳಿಗೆ ಮೂರನೇ ಒಂದು ಪಾಲು ಬರುತ್ತದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಡುವ ತಿದ್ದುಪಡಿ ತಂದಿತ್ತು. ಆಗಲೇ ಮದುವೆಯಾಗಿದ್ದವರಿಗೆ ಅದು ಸಿಗುತ್ತಿರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಮಗಳಿಗೆ ಹುಟ್ಟಿನಿಂದಲೇ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲುಪತ್ರವೋ ಕೋರ್ಟ್ ಡಿಕ್ರಿಯೋ ಇದ್ದರೆ ಮಾತ್ರ ಕಥೆ ಬೇರೆ.

ಇದನ್ನು ಅವಳಿಗೆ ಹೇಳಬೇಕಾದವರು ಯಾರು? ‘ನಿನ್ನ ಪಾಲಿನ ಒಂದು ಎಕರೆಗೆ ಈಗಿನ ರೇಟು ಇಷ್ಟಿದೆ, ಐದು ಲಕ್ಷಕ್ಕೆ ಒಪ್ಪಬೇಡ’ ಅಂತ ಮೀಡಿಯೇಟರ್ ಹೇಳಿದರೆ ಅವರು ಒಂದು ಕಡೆ ಸೇರಿದ ಹಾಗೆ. ಅವಳ ವಕೀಲರು ಹೇಳಬೇಕು. ಎಲ್ಲ ಗೊತ್ತಿದ್ದೂ ಅಣ್ಣಂದಿರ ಮೇಲಿನ ಪ್ರೀತಿಗೆ ಕಡಿಮೆ ತೆಗೆದುಕೊಳ್ಳುತ್ತೇನೆ ಅಂದರೆ ಅದು ಅವಳ ಇಷ್ಟ, ಅವಳ ಹಕ್ಕು. ಗೊತ್ತಿಲ್ಲದೆ ಬಿಟ್ಟುಕೊಟ್ಟರೆ ಅದನ್ನು ರಾಜಿ ಅನ್ನಲು ಮನಸ್ಸು ಒಪ್ಪುವುದಿಲ್ಲ.

ಈಗ ಅವಳು ಜಮೀನೇ ಬೇಕು ಅಂದಳು, ಅಣ್ಣಂದಿರು ಒಪ್ಪಿದರು ಅನ್ನೋಣ. ‘ದಕ್ಷಿಣದ ಕಡೆಯ ಒಂದು ಎಕರೆ ತಂಗಿಗೆ’ ಅಂತ ಒಂದು ಸಾಲು ಬರೆದು ಸಹಿ ಹಾಕಿದರೆ ಮುಂದಿನ ಜಗಳಕ್ಕೆ ಬೀಜ ಬಿತ್ತಿದಂತೆ. ಆ ಎಕರೆಗೆ ಗಾಡಿ ಹೋಗುವ ದಾರಿ ಎಲ್ಲಿ? ಬೋರ್‌ವೆಲ್ ಯಾರ ಪಾಲಿಗೆ ಬಂತು, ನೀರು ಹಂಚಿಕೊಳ್ಳುವುದು ಹೇಗೆ? ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಏನು? ಒಂದು ಸರ್ವೆ ನಂಬರಿನ ಭಾಗವನ್ನು ನೋಂದಣಿ ಮಾಡಿಸಲು 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಮಾಡಿದ ಸರ್ವೆ ನಕ್ಷೆ, ಬೇಕು. ಅದಕ್ಕೆ ಅರ್ಜಿ ಹಾಕುವವರು ಯಾರು, ಸರ್ವೆಗೆ ಎಲ್ಲರೂ ಹಾಜರಾಗಲು ಒಪ್ಪಿದ್ದಾರಾ? ಖಾತೆ ಬದಲಾಗಿ ಅವಳ ಹೆಸರು ಪಹಣಿಗೆ ಬರುವ ತನಕ ಕಾಗದದ ಮೇಲಿನ ಎಕರೆಯನ್ನು ನಂಬಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಇನ್ನೊಂದು ಮರೆಯಲ್ಲಿರುವ ಗುಂಡಿ ಇದೆ. ದಾವೆಯಲ್ಲಿರುವ ಆಸ್ತಿಯ ಬಗ್ಗೆ ಕೋರ್ಟ್ ರಾಜಿ ಡಿಕ್ರಿ ಕೊಟ್ಟರೆ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದಕ್ಕೆ ಬೇರೆ ನೋಂದಣಿ ಬೇಡ. ಆದರೆ ‘ಹೇಗೂ ಕೂತಿದೀವಿ, ಪೇಟೆಯ ಸೈಟನ್ನೂ ಇದರಲ್ಲೇ ಮುಗಿಸೋಣ’ ಅಂತ ದಾವೆಯಲ್ಲಿಲ್ಲದ ಆಸ್ತಿಯನ್ನು ಸೇರಿಸಿದರೆ ಆ ವಿನಾಯಿತಿ ಸಿಗುವುದಿಲ್ಲ. ನೋಂದಣಿ ಮಾಡಿಸಬೇಕು, ಮುದ್ರಾಂಕ ಶುಲ್ಕ ಕಟ್ಟಬೇಕು. ಮಾಡಿಸದೆ ಬಿಟ್ಟರೆ ಆ ಸೈಟಿನ ಮಟ್ಟಿಗೆ ಕಾಗದಕ್ಕೆ ಬಲವಿಲ್ಲ.

ಸಹಿಯಾದ ಮೇಲೆ ತಪ್ಪು ತಿದ್ದುವುದು ತೀರಾ ಕಷ್ಟ. ಒಪ್ಪಿಗೆಯ ಡಿಕ್ರಿಗೆ ಮಾಮೂಲಿ ಅಪೀಲು ಇಲ್ಲ. ಆ ರಾಜಿ ಕಾನೂನುಬದ್ಧವಾಗಿರಲಿಲ್ಲ ಅಂತ ಹೊಸ ದಾವೆ ಹಾಕುವುದಕ್ಕೂ ಸಿವಿಲ್ ಪ್ರಕ್ರಿಯಾ ಸಂಹಿತೆ ಅಡ್ಡ ನಿಲ್ಲುತ್ತದೆ. ಡಿಕ್ರಿ ಕೊಟ್ಟ ಕೋರ್ಟಿನ ಮುಂದೆಯೇ ಹೋಗಿ ಮೋಸವಾಗಿದೆ ಅಂತ ಸಾಬೀತು ಮಾಡಬೇಕು. ‘ನನಗೆ ಅರ್ಥವಾಗಿರಲಿಲ್ಲ’ ಅಂದರೆ ಸಾಲದು. ಕರಡನ್ನು ಮನೆಗೆ ತೆಗೆದುಕೊಂಡು ಹೋಗಿ, ಕನ್ನಡದಲ್ಲಿ ಓದಿಸಿಕೊಂಡು, ಮುಂದಿನ ವಾಯಿದೆಗೆ ಸಹಿ ಹಾಕುತ್ತೇನೆ ಅನ್ನುವುದು ನಿಮ್ಮ ಹಕ್ಕು. ಅವತ್ತೇ ಮುಗಿಸಬೇಕು ಎಂಬ ಅವಸರಕ್ಕೆ ಬೀಳಬೇಡಿ.

ಎಂಥ ವಕೀಲರು ಬೇಕು, ಎಲ್ಲಿ ಸಿಗುತ್ತಾರೆ?

ಮೀಡಿಯೇಟರ್‌ನ್ನು ಹುಡುಕುವುದು ಸುಲಭ. ಕೋರ್ಟ್ ಕಳಿಸಿದ ಕೇಸಾದರೆ ಕೇಂದ್ರವೇ ಒಬ್ಬರನ್ನು ಕೊಡುತ್ತದೆ. ಕೇಸು ಇನ್ನೂ ಹಾಕಿಲ್ಲ ಅಂದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ತಾಲ್ಲೂಕಿನಲ್ಲಾದರೆ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 12ಎ ಅಡಿಯ ವ್ಯಾಪಾರದ ತಕರಾರಿಗೂ ಕಾನೂನು ಸೇವೆಗಳ ಪ್ರಾಧಿಕಾರಕ್ಕೇ ಅರ್ಜಿ. ಅಲ್ಲಿ ಮೊತ್ತಕ್ಕೆ ತಕ್ಕ ಫೀಸು ಇದೆ. ಮೂರರಿಂದ ಹತ್ತು ಲಕ್ಷದ ತಕರಾರಿಗೆ 15,000 ರೂಪಾಯಿ, ಮೂರು ಕೋಟಿ ಮೀರಿದರೆ 75,000 ಎಂದು 2018ರ ನಿಯಮಗಳು ಹೇಳುತ್ತವೆ. ಎರಡೂ ಕಡೆಯವರು ಅದನ್ನು ಸಮನಾಗಿ ಹಂಚಿಕೊಳ್ಳಬೇಕು.

ಜೊತೆಗೆ ಬರುವ ವಕೀಲರ ಆಯ್ಕೆಗೆ ಹೆಚ್ಚು ಯೋಚನೆ ಬೇಕು. ಅಂತರ್ಜಾಲದಲ್ಲಿ ‘ನಿಮ್ಮ ಊರಿನ ಟಾಪ್ 10 ಮೀಡಿಯೇಶನ್ ಲಾಯರ್’ ಎಂಬ ಪಟ್ಟಿಗಳು ಸಿಗುತ್ತವೆ. ಅವುಗಳನ್ನು ನಂಬಿ ಹೋಗಬೇಡಿ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಟ್ಟು ಕೇಸು ಹಿಡಿಯುವಂತಿಲ್ಲ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ಆನ್‌ಲೈನ್ ಜಾಹೀರಾತುಗಳ ವಿರುದ್ಧ ಕ್ರಮಕ್ಕೆ ಸೂಚಿಸಿತು. ಪಟ್ಟಿಯಲ್ಲಿ ಹೆಸರಿರುವುದು ಸಾಮರ್ಥ್ಯದ ಗುರುತಲ್ಲ.

ಮೊದಲ ಭೇಟಿಯಲ್ಲೇ ಕೆಲವು ನೇರ ಪ್ರಶ್ನೆ ಕೇಳಿ. ‘ನೀವೇ ಬರ್ತೀರಾ, ಜೂನಿಯರ್ ಕಳಿಸ್ತೀರಾ?’ ‘ಇಂಥ ತಕರಾರಿನಲ್ಲಿ ರಾಜಿ ಮಾಡಿಸಿದ ಅನುಭವ ಇದೆಯಾ?’ ಎಲ್ಲಕ್ಕಿಂತ ಮುಖ್ಯವಾದದ್ದು, ‘ಕೋರ್ಟಿನಲ್ಲೇ ನಡೆಸಿದರೆ ನನಗೆ ಜಾಸ್ತಿ ಅಂದರೆ ಎಷ್ಟು, ಕಡಿಮೆ ಅಂದರೆ ಎಷ್ಟು ಸಿಗಬಹುದು, ಎಷ್ಟು ವರ್ಷ ಹಿಡಿಯಬಹುದು?’ ಈ ಮೂರು ಅಂದಾಜು ಕೊಡದ ವಕೀಲರ ಜೊತೆ ಮೀಡಿಯೇಶನ್‌ಗೆ ಹೋಗುವುದು ಬೆಲೆ ಗೊತ್ತಿಲ್ಲದೆ ಸಂತೆಗೆ ಹೋದ ಹಾಗೆ. ‘ಕೇಸು ಗೆದ್ದೇ ಗೆಲ್ತೀವಿ, ರಾಜಿ ಯಾಕೆ’ ಅಂತ ಫೈಲು ಓದುವ ಮೊದಲೇ ಹೇಳುವವರಿಂದ ದೂರವಿರಿ. ಓದದೆಯೇ ‘ಸುಮ್ನೆ ಮುಗಿಸಿಬಿಡಿ’ ಅನ್ನುವವರಿಂದಲೂ.

ಫೀಸಿನ ಮಾತು ಮೊದಲೇ ಆಗಲಿ. ವಾಯಿದೆಗೆ ಇಷ್ಟು ಅಂತ ಪಡೆಯುವ ವಕೀಲರಿಗೆ ಕೇಸು ಬೇಗ ಮುಗಿದರೆ ಆದಾಯ ಕಡಿಮೆಯಾಗುತ್ತದೆ. ರಾಜಿಗೆ ಅನೇಕ ವಕೀಲರು ಹಿಂದೇಟು ಹಾಕಲು ಇದೂ ಒಂದು ಕಾರಣ. ಅವರನ್ನು ದೂರುವುದಕ್ಕಿಂತ ಮೀಡಿಯೇಶನ್‌ಗೆ ಒಟ್ಟಾರೆ ಇಷ್ಟು ಅಂತ ಮಾತಾಡಿಕೊಳ್ಳುವುದು ಒಳ್ಳೆಯದು. ಕೂರುವುದು, ಕರಡು ಬರೆಯುವುದು, ಡಿಕ್ರಿ ಪ್ರತಿ ಕೈಗೆ ಕೊಡಿಸುವುದು ಎಲ್ಲ ಅದರಲ್ಲೇ ಸೇರಲಿ. ‘ಬಂದ ಪರಿಹಾರದಲ್ಲಿ ನನಗೆ ಇಷ್ಟು ಪಾಲು’ ಅಂತ ಕೇಳುವುದನ್ನು ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಅಪಘಾತ ಪರಿಹಾರದ ಕೇಸುಗಳಲ್ಲಿ ಇದನ್ನು ನೆನಪಿಟ್ಟುಕೊಳ್ಳಿ.

ದುಡ್ಡಿಲ್ಲದವರಿಗೂ ದಾರಿಯಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆ ಆದಾಯ ನೋಡದೆಯೇ ಉಚಿತ ವಕೀಲರನ್ನು ಕೊಡಬೇಕು ಎಂದು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಮೇಲಿನ ಉದಾಹರಣೆಯ ತಂಗಿಗೂ ಇದು ಸಿಗುತ್ತದೆ. 15100 ನಾಲ್ಸಾದ ಸಹಾಯವಾಣಿ.

ಮಾತಾಡುತ್ತಾ ಕೂತರೆ ಅವಧಿ ಓಡುತ್ತದೆ

ಬಾಕಿ ಹಣ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಗಡುವು. ‘ಮಾತುಕತೆ ನಡೀತಿದೆ, ಇನ್ನೊಂದು ತಿಂಗಳು ಕೊಡಿ’ ಅಂತ ಎದುರಿನವರು ಹೇಳುತ್ತಲೇ ಇದ್ದರೆ ಗಡುವು ಮುಗಿದು ಹೋಗುತ್ತದೆ. ಆಮೇಲೆ ದಾವೆ ಹಾಕಿ ಪ್ರಯೋಜನವಿಲ್ಲ. 12ಎ ಅಡಿ ಪ್ರಾಧಿಕಾರದ ಮೂಲಕ ನಡೆದ ಮೀಡಿಯೇಶನ್ನಿನ ಸಮಯವನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ಅಲ್ಲಿ ಮೂರು ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು. ಎದುರಿನವರು ಬರದೇ ಹೋದರೆ ಪ್ರಾಧಿಕಾರ ‘ಶುರುವಾಗಲೇ ಇಲ್ಲ’ ಎಂಬ ವರದಿ ಕೊಡುತ್ತದೆ. ಅದನ್ನು ಹಿಡಿದು ದಾವೆ ಹಾಕಬಹುದು. ಹೋಟೆಲಿನಲ್ಲೋ ಮನೆಯ ಜಗಲಿಯಲ್ಲೋ ನಡೆದ ಮಾತುಕತೆಗೆ ಈ ರಕ್ಷಣೆ ಇಲ್ಲ. ಗಡುವು ಹತ್ತಿರ ಬಂದಿದ್ದರೆ ‘ಇಷ್ಟು ಬಾಕಿ ಕೊಡಬೇಕಿದೆ’ ಅಂತ ಸಾಲಗಾರರಿಂದ ಸಹಿ ಮಾಡಿದ ಪತ್ರ ಪಡೆಯಿರಿ. ಗಡುವು ಮುಗಿಯುವ ಮೊದಲೇ ಪಡೆದರೆ ಅಲ್ಲಿಂದ ಹೊಸ ಲೆಕ್ಕ ಶುರುವಾಗುತ್ತದೆ.

ಒಪ್ಪಂದ ಮುರಿದರೆ?

ಗೊಂದಲ ಜಾಸ್ತಿ ಇರುವುದು ಇಲ್ಲೇ. 2023ರ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಮೀಡಿಯೇಶನ್ ಒಪ್ಪಂದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬಲ. ಮುರಿದವರ ಮೇಲೆ ನೇರವಾಗಿ ಅಮಲ್ಜಾರಿ ಅರ್ಜಿ, ಅಂದರೆ ಒಪ್ಪಂದವನ್ನು ಜಾರಿ ಮಾಡಿಸಿ ಎಂಬ ಅರ್ಜಿ, ಹಾಕಬಹುದು. ಮೋಸ, ಭ್ರಷ್ಟಾಚಾರ, ಬೇರೆಯವರ ಹೆಸರಿನಲ್ಲಿ ಬಂದು ಸಹಿ ಹಾಕಿದ್ದು, ಮೀಡಿಯೇಶನ್‌ಗೆ ತರಬಾರದ ವಿಷಯ, ಈ ನಾಲ್ಕು ಕಾರಣಕ್ಕೆ ಮಾತ್ರ ಅದನ್ನು ಪ್ರಶ್ನಿಸಬಹುದು. ಊರಿನ ನೆಮ್ಮದಿಗಾಗಿ ಮಾಡುವ ಸಮುದಾಯ ಮೀಡಿಯೇಶನ್ನಿನ ಒಪ್ಪಂದಕ್ಕೆ ಮಾತ್ರ ಈ ಬಲವಿಲ್ಲ.

ಆದರೆ ಕಾಯ್ದೆ ಒಂದೇ ಸಲ ಜಾರಿಯಾಗಲಿಲ್ಲ. 2023ರ ಅಕ್ಟೋಬರ್ 9ರಂದು ಕೆಲವು ಸೆಕ್ಷನ್‌ಗಳನ್ನಷ್ಟೇ ಜಾರಿಗೆ ತಂದರು. ಮೀಡಿಯೇಶನ್ ಪರಿಷತ್ತು ರಚಿಸುವ ಸೆಕ್ಷನ್‌ಗಳು ಆ ಪಟ್ಟಿಯಲ್ಲಿದ್ದವು, 27 ಇರಲಿಲ್ಲ. ಅದಕ್ಕೆ ಬೇರೆ ಅಧಿಸೂಚನೆ ಬೇಕು. ಅದು ಜಾರಿಯಲ್ಲಿಲ್ಲದ ಹೊತ್ತಿನಲ್ಲಿ, ಕೇಸು ಹಾಕದೆ ಖಾಸಗಿಯಾಗಿ ಕೂತು ಮಾಡಿಕೊಂಡ ಒಪ್ಪಂದ ಬರೀ ಕರಾರು. ಎದುರಿನವರು ಮುರಿದರೆ ಆ ಕರಾರಿನ ಮೇಲೆ ಮತ್ತೊಂದು ದಾವೆ ಹಾಕಬೇಕು, ಅಂದರೆ ಕೋರ್ಟ್ ತಪ್ಪಿಸಲು ಪಟ್ಟ ಪಾಡೆಲ್ಲ ನೀರಿಗೆ ಹೋದಂತೆ.

ಇದಕ್ಕೆ ಈಗಾಗಲೇ ಇರುವ ಕಾನೂನಿನಲ್ಲೇ ಪರಿಹಾರಗಳಿವೆ. ಕೇಸು ಕೋರ್ಟಿನಲ್ಲಿದ್ದರೆ ಒಪ್ಪಂದವನ್ನು ಅಲ್ಲೇ ದಾಖಲಿಸಿ ಡಿಕ್ರಿ ಪಡೆಯಬಹುದು. ಕೇಸು ಇಲ್ಲದಿದ್ದರೆ ದಾವೆಪೂರ್ವ ಪ್ರಕರಣವಾಗಿ ಲೋಕ ಅದಾಲತ್ ಮುಂದಿಟ್ಟು ಆದೇಶ ಮಾಡಿಸಬಹುದು. 1996ರ ಆರ್ಬಿಟ್ರೇಶನ್ ಕಾಯ್ದೆಯ ಮೂರನೇ ಭಾಗದಲ್ಲಿರುವ ಕನ್ಸಿಲಿಯೇಶನ್, ಅಂದರೆ ಸಂಧಾನದ, ದಾರಿ ಹಿಡಿದರೆ ಒಪ್ಪಂದಕ್ಕೆ ಆರ್ಬಿಟ್ರೇಶನ್ ತೀರ್ಪಿನ ಸ್ಥಾನ ಸಿಗುತ್ತದೆ. 12ಎ ಅಡಿಯ ವಾಣಿಜ್ಯ ಒಪ್ಪಂದಕ್ಕೂ ಅದೇ ಸ್ಥಾನ. ಒಂದೊಂದು ದಾರಿಗೂ ಬೇರೆ ಕಾಗದ, ಬೇರೆ ಸಹಿ, ಬೇರೆ ಕಚೇರಿ. ಮಾತುಕತೆ ಮುಗಿದ ಮೇಲೆ ದಾರಿ ಬದಲಿಸುವುದು ಕಷ್ಟ. ಹಾಗಾಗಿ ಕೂರುವ ಮೊದಲೇ ನಿಮ್ಮ ವಕೀಲರನ್ನು ಕೇಳಿ: 27ನೇ ಸೆಕ್ಷನ್ ಇವತ್ತಿಗೆ ಜಾರಿಯಲ್ಲಿದೆಯಾ? ಇಲ್ಲ ಅಂದರೆ ನಮ್ಮ ಒಪ್ಪಂದಕ್ಕೆ ಯಾವ ದಾರಿಯಲ್ಲಿ ಡಿಕ್ರಿಯ ಬಲ ಕೊಡಿಸುತ್ತೀರಿ?